ಬುಟ್ಟಿ ಖಾಲಿ ಬಂದರೆ

ಮಣಿಪಾಲದ ನಮ್ಮ ಸಣ್ಣ ಕಚೇರಿಯಲ್ಲಿ ಒಬ್ಬರು ಹಿರಿಯ ಪ್ರೋಗ್ರಾಮರ್ ಇದ್ದರು. ಮಲ್ಪೆಯ ಮೀನುಗಾರರ ಮನೆಯವರು. ಕೋಡ್ ಬರೆಯುವಾಗ ಬರುವ ಇಟರೇಟರ್ ಎಂದರೇನೆಂದು ನಾನು ಮೊದಲ ಸಲ ಕೇಳಿದಾಗ, "ಬೋಟಿನ ಮೀನೆಲ್ಲ ಒಮ್ಮೆಗೇ ಹೊರಲಿಕ್ಕೆ ಆಗ್ತದಾ ಮಾರಾಯ್ರೆ? ಒಂದೊಂದೇ ಬುಟ್ಟಿ ಇಳಿಸುವುದು. ಪಟ್ಟಿಯಿಂದಲೂ ಹಾಗೇ ಒಂದೊಂದೇ ತೆಗೆಯುವುದು, ಅಷ್ಟೇ" ಎಂದಿದ್ದರು. ಯಾರು ಕೋಡ್ ತೋರಿಸಿದರೂ ಕುಡಿದು ಮುಗಿಸಿದ ಚಹಾದ ಲೋಟವನ್ನು ಮೇಜಿನ ಮೇಲೆ ಬೋರಲು ಹಾಕಿ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಬುಟ್ಟಿ ಖಾಲಿ ಬಂದರೆ?"

ನಾವು ದಿನವೂ ಬಳಸುತ್ತಿದ್ದ, ಯಾರು ಬೇಕಾದರೂ ತಿದ್ದುಪಡಿ ಕಳಿಸಬಹುದಾದ ಇಟರೇಟರ್‌ಗಳ ಓಪನ್ ಸೋರ್ಸ್ ಲೈಬ್ರರಿ ಎಂಬ ಕೋಡ್ ಸಂಗ್ರಹಕ್ಕೆ ಒಮ್ಮೆ ನಾನೇ ಆ ಪ್ರಶ್ನೆ ಹಾಕಿದೆ. ಖಾಲಿ ಪಟ್ಟಿ ಕೊಟ್ಟರೆ ಅದರ ಒಂದು ಫಂಕ್ಷನ್, ಅಂದರೆ ಒಂದು ಕೆಲಸ ಮಾಡುವ ಕೋಡಿನ ತುಂಡು, ಕೈಕೊಡುತ್ತಿತ್ತು. ಹುಮ್ಮಸ್ಸಿನಿಂದ ಅದನ್ನು ಸರಿಪಡಿಸಿ, "ಇದನ್ನು ಬರೆದವರು ಯೋಚನೆಯನ್ನೇ ಮಾಡಿಲ್ಲ" ಎಂಬ ಟಿಪ್ಪಣಿಯನ್ನೂ ಸೇರಿಸಿ ಅವರಿಗೆ ತೋರಿಸಿದೆ. ಅವರು ಎರಡು ಸಲ ನಿಧಾನವಾಗಿ ಓದಿದರು. ಆ ವಾಕ್ಯದಲ್ಲಿದ್ದ ಒಂದು ಸ್ಪೆಲ್ಲಿಂಗ್ ತಪ್ಪನ್ನು ಮಾತ್ರ ತಿದ್ದಿ, "ಸರಿ ಉಂಟು, ಕಳಿಸಿ" ಎಂದರು.

ನನ್ನ ತಿದ್ದುಪಡಿ ಲೈಬ್ರರಿಗೆ ಸೇರಿದ ದಿನ, ಆ ಫಂಕ್ಷನ್ ಯಾರು ಯಾವಾಗ ಬರೆದರೆಂಬ ಹಳೆಯ ದಾಖಲೆ ತೆರೆದು ನೋಡಿದೆ. ಮೊದಲು ಬರೆದವರ ಜಾಗದಲ್ಲಿ ಅವರದೇ ಹೆಸರಿತ್ತು.

ಅವರ ಮೇಜಿನ ಬಳಿ ಹೋದೆ. ಅವರು ಪಕ್ಕದ ಕುರ್ಚಿ ಎಳೆದು ಕೊಟ್ಟರು.

"ನಾನು ಬರೆದ ಫಂಕ್ಷನ್ ಆ ಲೈಬ್ರರಿಯಲ್ಲಿ ಇನ್ನೂ ಹನ್ನೆರಡು ಉಂಟು. ಅವನ್ನೂ ನೋಡಿ."