ಕೆಟ್ಟು ನಿಂತ ವ್ಯಾನು, ಚಪ್ಪಾಳೆ ಗಿಟ್ಟಿಸಿದ ರಾಜ

ಮಹನೀಯರೇ, ಹೊಟ್ಟೆ ಉರಿದು ಬರೆಯುತ್ತಿದ್ದೇನೆ. ಸಂಜೆ ಹಲಗೂರಿನಲ್ಲಿ ನಮ್ಮ ನಾಟಕ. ಪರದೆ ಸಾಗಿಸುವ ಹಳೇ ವ್ಯಾನು ಬೆಳಿಗ್ಗೆ ಕೊಪ್ಪ ದಾಟುವಾಗಲೇ ಇಂಜಿನ್ನು ಕಾದು ನಿಂತುಬಿಟ್ಟಿತು. ರಾಕ್ಷಸನ ಪಾತ್ರದ ನಾನು ಪ್ಲಗ್ಗು ಒರೆಸಿದೆ, ಪೆಟ್ರೋಲ್ ಪೈಪು ಊದಿದೆ, ವ್ಯಾನು ಮಿಸುಕಲಿಲ್ಲ.

ರಾಜನ ಪಾತ್ರದ ನಿಂಗರಾಜು ವ್ಯಾನಿನ ಹಿಂಭಾಗದಲ್ಲಿರುವ ಇಂಜಿನ್ನಿನ ಮುಚ್ಚಳ ತೆಗೆದ. "ಗಾಳೀಲೇ ತಣ್ಣಗಾಗೋ ಇಂಜಿನ್ನು ಕಣ್ಲಾ ಇದು. ಫ್ಯಾನಿಗೆ ನಿನ್ ವಿಗ್ಗು ಸುತ್ಕೊಂಡೈತೆ, ಗಾಳಿ ಎಲ್ಲಿಂದ ಬತ್ತದೆ?" ಎಂದ. ತೊಳೆದ ವಿಗ್ಗನ್ನು ಬಿಸಿಗೆ ಒಣಗಲೆಂದು ಅಲ್ಲಿಟ್ಟವನು ನಾನೇ.

ಅವನು ಕೂದಲು ಕಿತ್ತು, ಇಂಜಿನ್ನು ಆರಿದ ಮೇಲೆ ಎಣ್ಣೆ ಬಿಟ್ಟು ಕೀಲಿ ತಿರುಗಿಸಿದ. ವ್ಯಾನು ಗುಡುಗಿತು. ಜೊತೆಗೆ ಬಂದಿದ್ದ ನನ್ನ ಹೆಂಡತಿಯೇ ಚಪ್ಪಾಳೆ ತಟ್ಟಿ, "ನಿಂಗರಾಜಣ್ಣ, ನೀವಿಲ್ದಿದ್ರೆ ಇವತ್ತು ನಾಟಕಾನೇ ಇರ್ತಿರ್ನಿಲ್ಲ" ಎಂದಳು. ನನ್ನ ಅಭಿನಯಕ್ಕೆ ಅವಳು ಒಮ್ಮೆಯೂ ಕೈ ತಟ್ಟಿದವಳಲ್ಲ.

ಕೊನೆಯ ದೃಶ್ಯದಲ್ಲಿ ರಾಜನ ಕತ್ತಿಗೆ ರಾಕ್ಷಸ ಸತ್ತು ಬೀಳಬೇಕು. ಇಂದು ನಾನು ಬೀಳುವುದಿಲ್ಲ. ನಾಟಕ ಮುಗಿಸುವ ದಾರಿಯನ್ನೂ ರಾಜನೇ ಹುಡುಕಿಕೊಳ್ಳಲಿ.