ಬಾನೆಟ್ಟಿನ ಎಡಗಡೆಯ ಗುಬುಟು

ಬಾತಿ ಊರಿನ ಹತ್ತಿರ ಕಾರು ಗುಂಡಿಗೆ ಇಳಿದಾಗ ಚಾಸಿಯೇ ಸೊಟ್ಟಗಾಗಿರಬಹುದು. ಇಂಜಿನ್ನು ಬಿಸಿಲಿಗೆ ಉಬ್ಬಿ, ರುಬ್ಬಿಟ್ಟ ಹಿಟ್ಟು ಮುಚ್ಚಳ ತಳ್ಳುವಂತೆ ಒಳಗಿನಿಂದ ತಳ್ಳುತ್ತಿರಬಹುದು. ಬಾನೆಟ್ಟು ತಿರುಗುವ ಹಿಂಜು ಮುರಿದಿರಬಹುದು. ಇಲಿ ಒಳಗೆ ಸಂಸಾರ ಹೂಡಿರಬಹುದು. ಎದುರುಮನೆಯ ಎಮ್ಮೆ ಬೆನ್ನು ತುರಿಸಿಕೊಂಡಿರಬಹುದು. ಬೇಸಿಗೆ ಶುರುವಾದಾಗಿನಿಂದ ನನ್ನ ಹೆಂಡತಿ ಬಾನೆಟ್ಟಿನ ಮೇಲೆ ಸಂಡಿಗೆ ಒಣಗಿಸುತ್ತಿದ್ದಳು; ಬಟ್ಟೆ ಹಾರದಿರಲೆಂದು ಮೂಲೆಗಿಟ್ಟ ಕಲ್ಲುಗಳ ಭಾರಕ್ಕೆ ತಗಡು ಬಗ್ಗಿರಬಹುದು. ಮಾವನವರು ಕಾರನ್ನು ಹಿಂದೆಂದೋ ಎಲ್ಲಿಗೋ ಗುದ್ದಿಸಿ, ಬಣ್ಣ ಬಳಿಸಿ, ನಮಗೆ ದಾಟಿಸಿರಬಹುದು. ಇದನ್ನು ಮನೆಯಲ್ಲಿ ಬಾಯಿಬಿಟ್ಟು ಹೇಳುವಂತಿರಲಿಲ್ಲ. ಯೋಚಿಸಲು ಮಾತ್ರ ಯಾರ ಅಡ್ಡಿಯೂ ಇರಲಿಲ್ಲ. ಒಂದು ದಿನ ಹೆದ್ದಾರಿಯಲ್ಲಿ ಬಾನೆಟ್ಟು ತಾನಾಗಿ ಎದ್ದು, ಗಾಜಿಗೆ ಬಡಿದು, ಮುಂದೇನೂ ಕಾಣದೆ ನಾನು ಸಂಸಾರಸಮೇತ ಕಾಲುವೆಗೆ ಇಳಿಯಬಹುದು.

ಇಷ್ಟೆಲ್ಲ ಯೋಚನೆಗೆ ಕಾರಣವಾದದ್ದು ಬಾನೆಟ್ಟಿನ ಎಡಮೂಲೆ. ಅದು ಒಂದು ಬೆರಳಗಲ ಮೇಲೆದ್ದಿತ್ತು. ಬಲಮೂಲೆ ಸರಿಯಾಗಿಯೇ ಕೂತಿತ್ತು. ದೂರದಿಂದ ನೋಡಿದರೆ ಕಾರು ನನ್ನನ್ನು ಕಂಡು ತುಟಿಯ ಒಂದೇ ಕಡೆಯಿಂದ ನಕ್ಕಂತಿತ್ತು.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮ ದಾವಣಗೆರೆ ಹೊಸದಾಗಿ ಜಿಲ್ಲೆಯಾಗಿತ್ತು. ಗುಂಡಿಗಳಿಗೂ ಬಡ್ತಿ ಸಿಕ್ಕಿತ್ತು. ಹರಿಹರದಲ್ಲಿ ಕಾಳಿನ ವ್ಯಾಪಾರ ಮಾಡುತ್ತಿದ್ದ ಮಾವನವರು ಕಣ್ಣಿಗೆ ಪೊರೆ ಬಂದು ಓಡಿಸುವುದನ್ನು ಬಿಟ್ಟರು. ಹಿಂದಿನ ಆಯುಧಪೂಜೆಯ ದಿನ ಪೂಜೆ ಮಾಡಿ ಕಾರಿನ ಕೀಲಿಯನ್ನು ದೊಡ್ಡ ಮಗಳ ಕೈಗೆ ಕೊಟ್ಟರು, ಅಂದರೆ ನನ್ನ ಹೆಂಡತಿಗೆ. ನನ್ನ ಕೈಗಲ್ಲ ಎಂಬುದನ್ನು ಅಲ್ಲಿದ್ದವರೆಲ್ಲ ಗಮನಿಸಿದರು. ಹೆಚ್ಚು ಗಮನಿಸಿದವನು ಷಡ್ಡಕ, ಹೆಂಡತಿಯ ತಂಗಿಯ ಗಂಡ. ಅವನೂ ಹರಿಹರದವನೇ. ಭಾನುವಳ್ಳಿಯಲ್ಲಿ ಅವನಿಗೆ ಗದ್ದೆಯಿತ್ತು. ಗದ್ದೆ ನೋಡಲು ಕಾರಿನಲ್ಲಿ ಹೋಗಬೇಕೆಂಬ ಆಸೆಯಿತ್ತು.

ಬಾನೆಟ್ಟು ನಕ್ಕ ವಾರವೇ ಮಾವನವರ ಫೋನು ಬಂತು.

"ಅಮಾಸಿಗೆ ಎಲ್ರೂ ಉಕ್ಕಡಗಾತ್ರಿ ಗುಡಿಗೆ ಹೋಗನ. ಗಾಡಿ ತಗಂಡು ಬರ್ರಿ. ಹಂಗೇ ಹೆಂಗಿಟ್ಟೀರಿ ಅಂತ ನೋಡ್ದಂಗೂ ಆತು. ಇಟ್ಕಳಾಕ ತ್ರಾಸ ಆದ್ರ ಸಂಕೋಚ ಬ್ಯಾಡ್ರಿ, ಸಣ್ಣ ಅಳಿಯಂದಿರು ಕೇಳ್ತಾ ಅದಾರ."

ಫೋನಿಟ್ಟು ಹೆಂಡತಿಗೆ ಹೇಳಿದೆ. ಅವಳು ಸಂಡಿಗೆ ತಿರುವುತ್ತಿದ್ದ ಕೈ ನಿಲ್ಲಿಸಿದಳು.

"ಅಪ್ಪನ ಕಾರು ವಾಪಸ್ ಹೋತು ಅಂದ್ರ ನಾನು ನನ್ ತಂಗಿ ಮುಂದ ಮುಖ ಎತ್ತಾಕ ಆಗಲ್ಲ. ಅದೊಂದು ಸರಿ ಮಾಡಿಸ್ರಿ."

ಗ್ಯಾರೇಜಿಗೆ ಒಯ್ಯುವಂತಿರಲಿಲ್ಲ. ಷಡ್ಡಕನ ಗೆಳೆಯರು ಊರಿನ ಒಂದಿಲ್ಲೊಂದು ಗ್ಯಾರೇಜಿನಲ್ಲಿ ಸದಾ ಚಾ ಕುಡಿಯುತ್ತಿದ್ದರು. ನಾನು ಇಲ್ಲಿ ಬಾನೆಟ್ಟು ಎತ್ತಿಸಿದರೆ ಸುದ್ದಿ ಕಾರಿಗಿಂತ ಮೊದಲು ಹರಿಹರ ಮುಟ್ಟುತ್ತಿತ್ತು. ಮನೆಯಲ್ಲೇ ಮಾಡಬೇಕು ಎಂದು ತೀರ್ಮಾನಿಸಿದೆ. ನಾನೇನು ಕಡಿಮೆಯವನೇ? ಪೇಟೆಯಲ್ಲಿ ಪಾತ್ರೆ ಅಂಗಡಿ ನನ್ನದು. ಕುಕ್ಕರಿನಿಂದ ಹಂಡೆಯವರೆಗೆ, ಮುಚ್ಚಳ ಕೂರದ ಪಾತ್ರೆ ನನ್ನ ಅಂಗಡಿಯಿಂದ ಹೊರಬಿದ್ದಿಲ್ಲ. ಬಾನೆಟ್ಟು ಅಂದರೆ ಮತ್ತೇನು, ಮುಚ್ಚಳವೇ ತಾನೆ.

ಭಾನುವಾರ ಅಂಗಡಿಯಿಂದ ಮರದ ಕೊಡತಿಯನ್ನೂ ಪಕ್ಕದ ಮನೆಯಿಂದ ಬೋಲ್ಟು ತಿರುಗಿಸುವ ಪಾನಾಗಳನ್ನೂ ತಂದು, ಹಳೇ ಪಂಚೆಯುಟ್ಟು, ಕಾರಿನ ಮುಂದೆ ನಿಂತೆ. ಅಂದು ಮೊದಲ ಸಲ ಬಾನೆಟ್ಟು ತೆಗೆದದ್ದು ಎಂದು ಹೇಳಲು ನಾಚಿಕೆಯೇನಿಲ್ಲ. ಪೆಟ್ರೋಲ್ ಬಂಕಿನಲ್ಲಿ ನೀರು ನೋಡಲು ಅವರು ಎತ್ತಿದಾಗಲೂ ನಾನು ಆಚೆ ಮುಖ ತಿರುಗಿಸುತ್ತಿದ್ದೆ, ಸೂಜಿ ಚುಚ್ಚಿಸಿಕೊಳ್ಳುವಾಗ ತಿರುಗಿಸುವ ಹಾಗೆ. ಒಳಗೆ ಏನೇನು ಕೆಟ್ಟಿದೆಯೋ ನೋಡಿ ತಿಳಿಯುವುದಕ್ಕಿಂತ ನೋಡದೆ ಹೆದರುವುದು ಹಗುರ.

ಮೊದಲು ಹಿಂಜಿನ ಬೋಲ್ಟುಗಳನ್ನು ಸಡಿಲಿಸಿದೆ. ಬಾನೆಟ್ಟು ಅಷ್ಟೇ ಸಲಿಗೆ ಸಾಕೆಂಬಂತೆ ಹಿಂದಕ್ಕೆ ಜಾರಿ ಗಾಜಿನ ಬುಡಕ್ಕೆ ಒರಗಿತು. ಹೆಂಡತಿಯನ್ನು ಕರೆದು ಒಂದು ತುದಿ ಹಿಡಿಸಿದೆ. ಮುಂದಕ್ಕೆ ಎಳೆದು, ಬಿಗಿದು, ಮುಚ್ಚಿದರೆ ಎಡಮೂಲೆ ಮತ್ತೆ ಮೇಲೆ. ಸಡಿಲಿಸಿ, ಬಲಕ್ಕೆ ಸರಿಸಿ, ಬಿಗಿದರೆ ಆಗಲೂ ಮೇಲೆ. ಕೊಡತಿಯಿಂದ ಮೆಲ್ಲಗೆ ಬಡಿದೆ. ಆಮೇಲೆ ಅಷ್ಟು ಮೆಲ್ಲಗಲ್ಲದೆ ಬಡಿದೆ.

"ದಿನಾ ಮುಚ್ಚಳ ಮಾರೋರು," ಎಂದಳು ಹೆಂಡತಿ, ತುದಿ ಹಿಡಿದುಕೊಂಡೇ. "ಒಂದು ಮುಚ್ಚಳ ಕೂಡ್ರಸಾಕ ಬರವಲ್ದಲ್ರಿ."

"ಸಂಡಿಗೆ ಹಾಕ್ದಾರು ಯಾರು?"

"ಸಂಡಿಗೆ ಭಾರಕ್ಕ ತಗ್ಗಬೇಕಿತ್ತು. ಇದು ಎದ್ದೈತೆ."

ನಾನು ಮೊಣಕಾಲೂರಿ ಒಳಗೆ ಇಣುಕಿದೆ. ಆಗ ಕಂಡಿತು, ಎಡಮೂಲೆಯ ಪಟ್ಟಿಯ ಮೇಲೊಂದು ಕರೀ ಗುಬುಟು. ಅಡಿಕೆಗಿಂತ ದಪ್ಪ, ಕಲ್ಲಿನಂತೆ ಗಟ್ಟಿ, ಎಣ್ಣೆ-ಧೂಳಿನಲ್ಲಿ ಪಟ್ಟಿಗೆ ಕಚ್ಚಿಕೊಂಡು ಕೂತಿತ್ತು. ಬಾನೆಟ್ಟಿನ ಮೂಲೆ ಸರಿಯಾಗಿ ಅದರ ಮೇಲೆಯೇ ಕೂರುತ್ತಿತ್ತು. ಬಲಮೂಲೆಗೆ ಬಂದು ನೋಡಿದೆ. ಅಲ್ಲಿ ಗುಬುಟೇ ಇಲ್ಲ.

ಎಡಗಡೆಯಿದ್ದು ಬಲಗಡೆಯಿಲ್ಲವೆಂದರೆ ಅರ್ಥ ಒಂದೇ: ಬಲಗಡೆಯ ಗುಬುಟು ಬಿದ್ದುಹೋಗಿದೆ. ನನ್ನ ಕೈಯಲ್ಲಿದ್ದಾಗ, ನಾನು ಇಳಿಸಿದ ಯಾವುದೋ ಗುಂಡಿಯಲ್ಲಿ. ಅಂದರೆ ಎಡಮೂಲೆ ಮೇಲೆದ್ದದ್ದಲ್ಲ, ಬಲಮೂಲೆ ಕುಸಿದದ್ದು! ಇಷ್ಟು ಹೊತ್ತು ಸರಿಯಿದ್ದ ಮೂಲೆಯನ್ನು ಬಡಿಯುತ್ತಿದ್ದೆನಲ್ಲ ಎಂದು ಮರುಗಿ, ಉಳಿದೊಂದು ಗುಬುಟನ್ನು ಬಟ್ಟೆಯಿಂದ ಒರೆಸಿ, ಗ್ರೀಸು ಹಚ್ಚಿದೆ. ಕಾರು ಮಾಡಿದವರು ಯೋಚಿಸದೆ ಇಟ್ಟಿರುತ್ತಾರೆಯೇ?

ಬಲಗಡೆಗೆ ಜೋಡಿ ತಯಾರಿಸಿದೆ. ಹಳೇ ಹವಾಯಿ ಚಪ್ಪಲಿಯ ಹಿಮ್ಮಡಿ ಕತ್ತರಿಸಿ, ಎರಡು ಪದರ ಸೇರಿಸಿ, ಬ್ಲೇಡಿನಿಂದ ದುಂಡಗೆ ಮಾಡಿ, ಪಂಕ್ಚರ್ ಹಾಕುವ ಸಲೂಷನ್ನಿನಿಂದ ಅಂಟಿಸಿದೆ. ಎಡಗಡೆಯದರಂತೆಯೇ ಕಾಣಲೆಂದು ಮಸಿಯನ್ನೂ ಬಳಿದೆ. ಈಗ ಬಾನೆಟ್ಟು ಎರಡೂ ಕಡೆ ಸಮನಾಗಿ ಒಂದೊಂದು ಬೆರಳು ಮೇಲೆದ್ದಿತು. ಚಿಲಕ ಬೀಳಲು ಗಂಡಹೆಂಡತಿ ಇಬ್ಬರೂ ಮೇಲೆ ಕೂರಬೇಕಾಯಿತು, ನಿಜ. ಆದರೆ ಸೊಟ್ಟ ಹೋಗಿತ್ತು. ಕಾರಿನ ಅರೆನಗು ಈಗ ಪೂರ್ತಿ ನಗುವಾಗಿತ್ತು.

ಅಮಾವಾಸ್ಯೆಯ ಬೆಳಿಗ್ಗೆ ಹೊರಟೆವು. ಸಮ ಎಂದರೆ ಭದ್ರ ಎಂದೇನಿಲ್ಲವಲ್ಲ. ಬಾನೆಟ್ಟಿನ ಮೇಲಿಂದ ನಾರಿನ ಹಗ್ಗ ಹಾಯಿಸಿ ಬಂಪರಿಗೆ ಬಿಗಿದಿದ್ದೆ. ಬಾತಿಯಲ್ಲಿ ಚಾ ಅಂಗಡಿಯ ಮುಂದೆ ಕೂತಿದ್ದವನೊಬ್ಬ ಕೂಗಿದ, "ಯಾಕ್ರೀ ಯಜಮಾನ್ರೆ, ಗಾಡಿ ಹೋರಿ ಹಂಗ ಹಾಯ್ತೈತೇನು?" ಹೆಂಡತಿ ಸೆರಗು ಮುಖಕ್ಕೆಳೆದುಕೊಂಡಳು. ಹರಿಹರ ಬರುವ ಮೊದಲೇ ಹಗ್ಗ ಬಿಚ್ಚಿ ಡಿಕ್ಕಿಯಲ್ಲಿ ಬಚ್ಚಿಟ್ಟೆ.

ಮಾವನವರು ಕರೀ ಕನ್ನಡಕ ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದರು. ಪಕ್ಕದಲ್ಲಿ ಷಡ್ಡಕ, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ, ಕೀಲಿಗಾಗಿಯೇ ಹೊಲಿಸಿದಂತಿದ್ದ ಜೇಬಿನ ಸಮೇತ.

"ಏನಣ್ಣಾರೆ," ಎಂದ. "ಬಾನೆಟ್ಟು ಬಾಯಿ ತಕ್ಕಂಡೈತಲ್ರಿ. ಹಸಿವಾಗೈತೇನು?"

ಕಣ್ಣು ಮಂಜಾದವರ ಬೆರಳು ಚುರುಕು. ಮಾವನವರು ಬಾನೆಟ್ಟಿನ ಅಂಚಿನುದ್ದಕ್ಕೂ ಕೈಯಾಡಿಸಿದರು, ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ. ಹೆಂಡತಿ ನನ್ನ ಮುಖ ನೋಡಿದಳು. ನಾನು ಮುಂದೆ ಬಂದೆ.

"ಬಲಗಡೆ ಗುಬುಟು ಬಿದ್ದುಹೋಗಿತ್ತು ಮಾವ. ಹಂಗೇ ಬಿಡಬಾರದು ಅಂತ ನಾನೇ ಬ್ಯಾರೆ ಮಾಡಿ ಕೂಡ್ರಿಸೀನಿ."

"ಎಂಥಾ ಗುಬುಟು?"

"ಎಡಗಡೆ ಐತಲ್ರಿ, ಅಂಥಾದು."

"ನನ್ ಗಾಡಿಯಾಗ ಅಂಥಾದ್ದು ಇರ್ಲಿಲ್ಲಲ್ಲ," ಎನ್ನುತ್ತ ಮಾವನವರು ಬಾನೆಟ್ಟು ಎತ್ತಿಸಿದರು. ಬಲಗಡೆಯದನ್ನು ಮುಟ್ಟಿದರು. "ಇದು ಚಪ್ಪಲಿ." ಎಡಗಡೆಯದನ್ನು ಮುಟ್ಟಿದರು, ಉಗುರಿನಿಂದ ಕೆರೆದರು, ಮೂಸಿದರು. ಮೀಟಿ ಕಿತ್ತು ಅಂಗೈಯಲ್ಲಿಟ್ಟುಕೊಂಡರು. ನನ್ನ ಗ್ರೀಸಿನ ಕೆಳಗೆ ಸುಕ್ಕುಗಟ್ಟಿದ ಕಂದು ಸಿಪ್ಪೆ ಕಂಡಿತು, ಸಿಪ್ಪೆಯ ಸುಕ್ಕಿನಲ್ಲಿ ಕುಂಕುಮದ ಗುರುತು.

"ನಿಂಬೆಹಣ್ಣು," ಎಂದ ಷಡ್ಡಕ. ಆಮೇಲೆ ನಗತೊಡಗಿದ. "ಅಣ್ಣಾರು ನಿಂಬೆಹಣ್ಣಿಗೆ ಗ್ರೀಸ್ ಹಚ್ಯಾರ. ಮಾವ, ಇನ್ನ ಗಾಡಿ ಇಲ್ಲೇ ಇರ್ಲಿ ಬಿಡ್ರಿ. ಇವರ ಹತ್ರ ಇದ್ರ ಉಪ್ಪಿನಕಾಯಿ ಹಾಕ್ತಾರ."

"ನಗಬ್ಯಾಡ್ರಿ," ಎಂದರು ಮಾವನವರು. "ಇಟ್ಟಾವ ನಾನು."

ನಗು ನಿಂತಿತು.

"ಪೂಜಿ ದಿನ ಗಾಲಿ ಕೆಳಗ ನಾಕು ಇಟ್ಟಿದ್ವಿ. ಇವರು ಅವುಗಳ ಮ್ಯಾಲ ಗಾಡಿ ಹಾಯಿಸ್ಬೇಕಾದ್ರ ಗೇಟಿಗೆ ಉಜ್ಜಿದ್ರು. ನನಗ ಎದಿ ಹೊಡಕಂತು, ಒಳಗ ಮಗಳು ಕುಂತಾಳ. ಇವರು ಕಾಫಿಗೆ ಒಳಗ ಹೋದಾಗ ಬ್ಯಾಟರಿ ಪಕ್ಕ ಇನ್ನೊಂದು ಕಟ್ಟಿದ್ದೆ. ಹೇಳಿದ್ರ ಬ್ಯಾಸರ ಮಾಡ್ಕಂತಾರ ಅಂತ ಹೇಳ್ಲಿಲ್ಲ."

ನನಗೆ ಬೇಸರವಾಗಬೇಕಿತ್ತು. ಬದಲಿಗೆ, ನನ್ನ ಚಾಲನೆಗೆ ನನ್ನಷ್ಟೇ ಹೆದರುವ ಇನ್ನೊಬ್ಬರು ಭೂಮಿಯ ಮೇಲಿದ್ದಾರೆಂದು ಒಂಥರಾ ಧೈರ್ಯ ಬಂತು.

ಮಾವನವರು ಚಪ್ಪಲಿಯ ತುಂಡನ್ನೂ ಕಿತ್ತೆಸೆದು ಬಾನೆಟ್ಟನ್ನು ಇಳಿಸಿದರು. ಅದು ಒಂದೇ ಅಂಗೈಯ ಒತ್ತಿಗೆ ಠಪ್ಪೆಂದು ಕೂತಿತು. ನನ್ನ ಕೊಡತಿಯ ನೆಗ್ಗುಗಳು ಮಾತ್ರ ಬಿಸಿಲಿಗೆ ಹೊಳೆಯುತ್ತಿದ್ದವು. ಅವನ್ನೂ ಅವರ ಬೆರಳು ಒಂದೊಂದಾಗಿ ದಾಟಿ ಹೋಯಿತು.

"ಗಾಡಿ ದಾವಣಗೆರಿಗೇ ಹೋಗ್ಲಿ," ಎಂದರು ಕಡೆಗೆ, ಷಡ್ಡಕನ ಕಡೆ ನೋಡದೆ. "ಇಷ್ಟು ಹೆದ್ರಾರು ಜೋರು ಓಡ್ಸಲ್ಲ."

ಹೆಂಡತಿ ತಂಗಿಯನ್ನು ಹುಡುಕಿಕೊಂಡು, ತಲೆಯೆತ್ತಿಕೊಂಡೇ, ಒಳಗೆ ಹೋದಳು. ಮಾವನವರು ಉಕ್ಕಡಗಾತ್ರಿಗೆಂದು ಇಟ್ಟಿದ್ದ ಪೂಜೆಯ ಚೀಲದಿಂದ ಹೊಸ ನಿಂಬೆಹಣ್ಣೊಂದನ್ನು ತೆಗೆದರು. ನಾನೇ ಬಾನೆಟ್ಟು ಎತ್ತಿ ಹಿಡಿದೆ, ಈ ಸಲ ಮುಖ ತಿರುಗಿಸದೆ. ಚಾಸಿ ಸೊಟ್ಟಗಾಗಿರಲಿಲ್ಲ. ಇಂಜಿನ್ನು ಉಬ್ಬಿರಲಿಲ್ಲ. ಇಲಿ, ಎಮ್ಮೆ, ಸಂಡಿಗೆ ಎಲ್ಲವೂ ನಿರಪರಾಧಿಗಳು. ಬ್ಯಾಟರಿಯ ಪಕ್ಕದಲ್ಲಿ, ಎಡಮೂಲೆಗೆ ಉರುಳುವ ಮೊದಲು ಹಳೇ ಹಣ್ಣು ಇದ್ದ ಜಾಗದಲ್ಲಿ, ಮಾಸಿದ ಅರಿಶಿನ ದಾರದ ತುಂಡೊಂದು ನೇತಾಡುತ್ತಿತ್ತು. ಕಡಿದದ್ದು ಅದೊಂದೇ.