ಮನುಷ್ಯರಿಗೆ ಬಳಸಬಾರದ ಪದ

ಅರಸೀಕೆರೆಯ ಶಾಲೆಯೊಂದರಲ್ಲಿ ಆರನೇ ಕ್ಲಾಸಿಗೆ ಇಂಗ್ಲಿಷ್ ಪಾಠ ಮಾಡುತ್ತೇನೆ. ‘ಇಟ್’ ಎಂಬ ಪದ ಬಂದಾಗಲೆಲ್ಲ ನನ್ನ ದನಿ ಏರುತ್ತದೆ. ಕಲ್ಲಿಗೂ ಇಟ್, ಕರುವಿಗೂ ಇಟ್, ಮಳೆ ಬಂತೆನ್ನಲೂ ಇಟ್, ಗಂಟೆ ಎಷ್ಟೆಂದು ಹೇಳಲೂ ಇಟ್. ಮನುಷ್ಯರಿಗೆ ಮಾತ್ರ ಬಳಸಬೇಡಿ ಎಂದು ಮೇಜು ಕುಟ್ಟಿ ಹೇಳುತ್ತೇನೆ. ಎಳೆಗೂಸಿಗೆ ಬಳಸಬಹುದೆಂದು ವ್ಯಾಕರಣದ ಪುಸ್ತಕದಲ್ಲಿದೆ; ಅದನ್ನು ಹೇಳಿಕೊಡಲು ನನಗೆ ಮನಸ್ಸಿಲ್ಲ.

ಕಾರಣ ನಮ್ಮ ಮನೆ. ಕಣಕಟ್ಟೆ ಕಡೆ ನಮ್ಮದೊಂದು ತೆಂಗಿನ ತೋಟ. ಅಪ್ಪನ ಅಕ್ಕ, ನನ್ನ ಸೋದರತ್ತೆ, ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಮನೆಯವರೆಲ್ಲರ ಬಾಯಲ್ಲಿ ಅವಳು ‘ಅದು’. “ಅದು ಉಂಡ್ತಾ?” “ಅದನ್ನೇನ್ ಕೇಳೋದೈತೆ?” ನಮ್ಮ ಕಡೆ ಹೆಣ್ಣುಮಕ್ಕಳನ್ನು ಮುದ್ದಿಗೂ ಹಾಗನ್ನುವುದುಂಟು, ಗೊತ್ತು. ಇದರಲ್ಲಿ ಮುದ್ದೇನೂ ಇರಲಿಲ್ಲ. ಕೊಟ್ಟಿಗೆಯ ಹಸುವನ್ನು ಅಪ್ಪ ‘ಅವಳು’ ಅನ್ನುತ್ತಿದ್ದ. “ಇವತ್ತು ಅವಳು ಹಾಲು ಕಮ್ಮಿ ಕೊಟ್ಟವ್ಳೆ.”

ಚಿಕ್ಕವಳಿದ್ದಾಗ ಒಮ್ಮೆ ಜಗುಲಿಯಲ್ಲಿ ಕೂತು ಹೀ, ಶೀ, ಇಟ್ ಉರು ಹೊಡೆಯುತ್ತಿದ್ದೆ. ಪಕ್ಕದಲ್ಲಿ ಕೊಬ್ಬರಿಯ ಚಿಪ್ಪು ಬಿಡಿಸುತ್ತಿದ್ದ ಅತ್ತೆ ಅರ್ಥ ಕೇಳಿದಳು. ಹೇಳಿದೆ.

“ನನ್ನ ಯಾವುದಕ್ಕೆ ಸೇರಿಸ್ತಾರೆ?”

“ಶೀ, ಅತ್ತೆ.”

“ನನ್ನಂಥೋಳನ್ನೂವಾ?” ಎಂದು ನಕ್ಕಳು.

ಹೋದ ವರ್ಷ ತೋಟವನ್ನು ತನ್ನೊಬ್ಬನ ಹೆಸರಿಗೆ ಮಾಡಿಸಿಕೊಳ್ಳಲು ಅಪ್ಪನಿಗೆ ಅತ್ತೆಯ ರುಜು ಬೇಕಾಯಿತು. ತಾತನ ಆಸ್ತಿಯಲ್ಲಿ ಅವಳಿಗೂ ಪಾಲಿತ್ತು. ಬಿಟ್ಟುಕೊಡಬೇಡ ಎಂದು ಅಂಗಲಾಚಿದೆ.

“ಬಾಯ್ತುಂಬ ಅಕ್ಕ ಅಂತಾವ್ನೆ ಕಣೇ,” ಎಂದಳು.

ಅರಸೀಕೆರೆಯ ನೋಂದಣಿ ಕಚೇರಿಯಲ್ಲಿ ಅಪ್ಪನ ನಾಲಿಗೆಯೇ ಬೇರೆಯಾಗಿತ್ತು. “ನಮ್ಮಕ್ಕೋರು ಸಾರ್. ಅವರದ್ದೇನೂ ತಕರಾರಿಲ್ಲ.” “ಅವರಿಗೊಂದು ಕುರ್ಚಿ ಕೊಡಪ್ಪ.” “ಅವರ ಕಾಫಿಗೆ ಸಕ್ಕರೆ ಜಾಸ್ತಿ ಇರಲಿ.” ಅತ್ತೆ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು. ಅವಳು ಹಾಗೆ ಕೂತದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ತೋರಿಸಿದ ಕಡೆಯೆಲ್ಲ ರುಜು ಹಾಕಿ, ಹೆಬ್ಬೆಟ್ಟೂ ಒತ್ತಿದಳು.

ಕೆಲಸ ಮುಗಿದಿತ್ತು. ನಾವು ಹೊರಗೆ ಬರುವಷ್ಟರಲ್ಲಿ ಅಪ್ಪ ಆಟೋ ಹತ್ತಿ ಕೂತಿದ್ದ. ಅತ್ತೆ ನನ್ನ ಕೈ ಹಿಡಿದು ಮೆಟ್ಟಿಲು ಇಳಿಯುತ್ತಿದ್ದಳು. ಮುಖದಲ್ಲಿ ಇನ್ನೂ ಆ ಕುರ್ಚಿಯ ಗತ್ತಿತ್ತು.

“ಹೊರಡಾನಾ ಯಜಮಾನ್ರೆ?” ಎಂದು ಆಟೋದವನು ಕೇಳಿದ.

“ತಡೀಲಾ,” ಎಂದ ಅಪ್ಪ. “ಅದೊಂದು ಹತ್ಲಿ.”